ವಾಸಿಯಾಗದ ರೋಗಕ್ಕೂ ರೇಡಿಯೇಷನ್ ಏಕೆ?

‘ಆರಾಮ ಆಗೂದಿಲ್ಲ ಅಂತ ಡಾಕ್ಟ್ರೇ ಹೇಳ್ಯಾರ. ಮತ್ಯಾಕ ಕರೆಂಟ್ ಕೊಡಿಸಿ ಮೈ ಸುಡೂದ್ರಿ?’

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಹಿರಿಯರೊಬ್ಬರು ರೇಡಿಯೇಷನ್ನನ್ನು ‘ಕರೆಂಟ್’ ಎಂದು ಕರೆದು ಹೀಗೆ ಅಂದರೆ ಮುಗಿಯಿತು, ರೋಗಿ ನರಳುತ್ತಲೇ ಇರಬೇಕು. ಕ್ಯಾನ್ಸರ್ ಬಗ್ಗೆ ನಮ್ಮಲ್ಲಿರುವ ತಪ್ಪು ಕಲ್ಪನೆಗಳಲ್ಲಿ ನನಗೆ ತೀರಾ ಸಿಟ್ಟು ಬರಿಸುವುದು ಇದೇ.

ಈ ಭಯ ಹುಟ್ಟಿದ್ದು ಎಲ್ಲಿಂದ ಎಂಬುದು ಗೊತ್ತಿದೆ. ನಿಪ್ಪಾಣಿ ಸುತ್ತ ತಂಬಾಕಿನ ಸೀಮೆ. ಬಾಯಿ ಕ್ಯಾನ್ಸರಿನವರನ್ನು ಎಲ್ಲರೂ ಕಂಡವರೇ. ಅವರಿಗೆ ರೋಗ ವಾಸಿ ಮಾಡಲೆಂದು ಆರೇಳು ವಾರ, 60ರಿಂದ 70 ಗ್ರೇ (ಇದು ರೇಡಿಯೇಷನ್ನಿನ ಅಳತೆ) ರೇಡಿಯೇಷನ್ ಕೊಡುತ್ತಾರೆ. ಬಾಯಿ ಹುಣ್ಣಾಗುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. ಅದನ್ನು ಕಂಡವರು ಎಲ್ಲ ರೇಡಿಯೇಷನ್ನೂ ಹಾಗೇ ಎಂದು ತೀರ್ಮಾನಿಸಿಬಿಟ್ಟರು.

ನೋವು ತಗ್ಗಿಸುವ ರೇಡಿಯೇಷನ್ನಿನ ಲೆಕ್ಕವೇ ಬೇರೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಎಲುಬಿಗೆ ಇಳಿದರೆ ರೋಗಿಗೆ ಮಗ್ಗಲು ಬದಲಿಸಲೂ ಆಗದು. ಸಾಮಾನ್ಯವಾಗಿ ಆ ಜಾಗಕ್ಕೆ ಒಂದೇ ಸಲ 8 ಗ್ರೇ ಕೊಟ್ಟರೂ, ಹತ್ತು ಸಲಕ್ಕೆ ಹಂಚಿ 30 ಗ್ರೇ ಕೊಟ್ಟಷ್ಟೇ ನೋವು ಇಳಿಯುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಹತ್ತರಲ್ಲಿ ಸುಮಾರು ಆರು ಜನರಿಗೆ ಗುಣ ಕಾಣುತ್ತದೆ. ನೋವು ಮರಳಿದರೆ ಮತ್ತೊಮ್ಮೆ ಕೊಡಲೂ ಬರುತ್ತದೆ.

ಕೊಡುವಾಗ ಏನಾಗುತ್ತದೆ? ಚರ್ಮದ ಮೇಲೆ ಬಣ್ಣದ ಗೆರೆ ಎಳೆದು ಮೇಜಿನ ಮೇಲೆ ಮಲಗಿಸುತ್ತಾರೆ. ಯಂತ್ರ ಸದ್ದು ಮಾಡುತ್ತಾ ಸುತ್ತುತ್ತದೆ. ಶಾಕ್ ಹೊಡೆಯದು, ಬಿಸಿ ತಾಗದು. ಕೆಲವೇ ನಿಮಿಷಗಳಲ್ಲಿ ಎಬ್ಬಿಸಿ ಕಳಿಸುತ್ತಾರೆ. ಮೊದಲ ಕೆಲವು ದಿನ ಕೆಲವರಿಗೆ ನೋವು ತುಸು ಕೆರಳುವುದುಂಟು, ಅದಕ್ಕೆ ಮಾತ್ರೆಯಿದೆ. ಗುಣ ಕಾಣಲು ಒಂದರಿಂದ ನಾಲ್ಕು ವಾರ ಬೇಕು. ಮೂರನೇ ದಿನಕ್ಕೇ ‘ನೋಡ್ರಿ, ಹೆಚ್ಚಾತು’ ಎಂದು ಊರೆಲ್ಲ ಸಾರುವವರು ಅಷ್ಟು ದಿನ ಕಾಯುವುದಿಲ್ಲ.

ಇದೇ ಜನ ಬೆನ್ನುನೋವಿನ ಕ್ಯಾನ್ಸರ್ ರೋಗಿಯನ್ನು ಎಲುಬು ಕಟ್ಟುವವರ ಬಳಿ ಒಯ್ದು, ಎಣ್ಣೆ ಹಚ್ಚಿ ತಿಕ್ಕಿಸುತ್ತಾರೆ. ಟೊಳ್ಳಾದ ಎಲುಬು ಒತ್ತಿದರೆ ಮುರಿಯುತ್ತದೆ. ಅಂಥ ರೋಗಿಯ ಕಾಲು ಸೋತರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಹೋಗಿದೆ ಎಂದು ಸಂಶಯಿಸಿ ಅದೇ ದಿನ ಆಸ್ಪತ್ರೆ ಸೇರಿಸಬೇಕು. ತಡವಾದರೆ ಕಾಲು ಮರಳಿ ಬರಲಿಕ್ಕಿಲ್ಲ.

ಉಳಿದ ತಪ್ಪು ಕಲ್ಪನೆಗಳಿಗೆ ಉತ್ತರ ಚುಟುಕಾಗಿ:

ಹೊರಗಿನ ಯಂತ್ರದಿಂದ ರೇಡಿಯೇಷನ್ ಪಡೆದವರ ಮೈಯಲ್ಲಿ ಕಿರಣ ಉಳಿಯದು. ಮೊಮ್ಮಕ್ಕಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.

ಕೂದಲು ಉದುರುವುದು ಕಿರಣ ಬಿದ್ದ ಜಾಗದಲ್ಲಿ ಮಾತ್ರ.

ಕ್ಯಾನ್ಸರ್ ನೋವಿಗೆ ವೈದ್ಯರು ಅಳತೆ ನೋಡಿ ಕೊಡುವ ಮಾರ್ಫಿನ್ ಔಷಧ. ಚಟದ ಭಯಕ್ಕೆ ಅದನ್ನು ತಪ್ಪಿಸಬಾರದು.

ರೇಡಿಯೇಷನ್‌ಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕಿಲ್ಲ. ಬೆಳಗಾವಿಯಲ್ಲಿ, ಹುಬ್ಬಳ್ಳಿಯ ನವನಗರದಲ್ಲಿ, ಕಾಗವಾಡದವರಿಗೆ ಪಕ್ಕದ ಮಿರಜದಲ್ಲಿ ಸಿಗುತ್ತದೆ.

ಚೀಟಿ ಕೊಟ್ಟ ವೈದ್ಯರನ್ನು ನೂರು ಪ್ರಶ್ನೆ ಕೇಳುವ ನಾವು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಮಾತನ್ನು, ಮೊಬೈಲಿಗೆ ಬಂದ ವಿಡಿಯೊವನ್ನು ಒಂದೂ ಪ್ರಶ್ನೆ ಕೇಳದೆ ನಂಬುತ್ತೇವೆ. ನಂಬುವವರು ನಾವು, ನೋವು ಉಣ್ಣುವವರು ಹಾಸಿಗೆ ಹಿಡಿದವರು. ಅವರ ಪರವಾಗಿ ತೀರ್ಮಾನಿಸುವ ಮೊದಲು ವೈದ್ಯರನ್ನು ಇಷ್ಟಾದರೂ ಕೇಳಿ: ‘ರೋಗ ಇರ್ಲಿ ಸಾಹೇಬ್ರ, ಈ ನೋವಿಗೆ ರೇಡಿಯೇಷನ್ ಕೊಡಾಕ ಬರ್ತೈತೇನ್ರಿ?’