ಬ್ರೆಜಿಲ್ ಚುನಾವಣಾ ಫಲಿತಾಂಶವನ್ನು ವರ್ತಕರು ಓದಬೇಕಾದ ಬಗೆ

ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿ ವರ್ತಕರೂ ಬೆಳಗಾವಿ, ಬಾಗಲಕೋಟೆ, ಮಂಡ್ಯ ಭಾಗದ ಸಕ್ಕರೆ ವ್ಯಾಪಾರಸ್ಥರೂ ಬ್ರೆಜಿಲ್ ದೇಶದ ಹವಾಮಾನದ ಸುದ್ದಿಯನ್ನು ತಪ್ಪದೆ ಗಮನಿಸುತ್ತಾರೆ. ಅಲ್ಲಿ ಹಿಮ ಬಿದ್ದಿತೆ, ಮಳೆ ತಡವಾಯಿತೆ ಎಂಬುದು ಇಲ್ಲಿನ ದರವನ್ನು ನಿರ್ಧರಿಸುತ್ತದೆ. ಆದರೆ ಆ ದೇಶದ ಚುನಾವಣಾ ಫಲಿತಾಂಶವನ್ನು ಅಷ್ಟೇ ಶ್ರದ್ಧೆಯಿಂದ ಓದುವವರು ವಿರಳ. ಓದಿದರೂ ಅಧ್ಯಕ್ಷ ಪದವಿ ಯಾರಿಗೆ ದಕ್ಕಿತು ಎಂಬಲ್ಲಿಗೆ ಕುತೂಹಲ ಮುಗಿಯುತ್ತದೆ. ಸರಕಿನ ಮೇಲಿನ ಅತಿ ದೊಡ್ಡ ತೆರಿಗೆ ಅಲ್ಲಿ ಅಧ್ಯಕ್ಷರ ಕೈಯಲ್ಲಿಲ್ಲ, ರಾಜ್ಯಗಳ ಕೈಯಲ್ಲಿದೆ. ಆದ್ದರಿಂದ ವ್ಯಾಪಾರದ ದೃಷ್ಟಿಯಿಂದ ಅರ್ಧ ಫಲಿತಾಂಶ ಓದದೆಯೇ ಉಳಿದಂತಾಗುತ್ತದೆ.

ಮೊದಲು ವ್ಯವಸ್ಥೆಯ ಪರಿಚಯ. ಬ್ರೆಜಿಲ್‌ನಲ್ಲಿ 26 ರಾಜ್ಯಗಳೂ ರಾಜಧಾನಿ ಬ್ರೆಸಿಲಿಯಾ ಇರುವ ಒಂದು ಫೆಡರಲ್ ಜಿಲ್ಲೆಯೂ ಸೇರಿ 27 ಘಟಕಗಳಿವೆ. ನಮ್ಮ ರಾಷ್ಟ್ರಪತಿಗಳನ್ನು ಸಂಸದರು ಮತ್ತು ಶಾಸಕರು ಆರಿಸುತ್ತಾರೆ. ಅಲ್ಲಿನ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಮತ್ತು ಸರ್ಕಾರದ ಮುಖ್ಯಸ್ಥರೂ ಅವರೇ. ಅಮೆರಿಕದಲ್ಲಿರುವಂತೆ ರಾಜ್ಯವಾರು ಮತದಾರ ಮಂಡಲಿಯ ಲೆಕ್ಕ ಇಲ್ಲಿಲ್ಲ. ದೇಶದ ಒಟ್ಟು ಮತವೇ ಲೆಕ್ಕ. ಚಲಾಯಿತ ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದಲ್ಲಿ ಮೊದಲ ಇಬ್ಬರ ನಡುವೆ ಎರಡನೆಯ ಸುತ್ತು ನಡೆಯುತ್ತದೆ. ರಾಜ್ಯದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ. ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವ, ನಮ್ಮ ಮುಖ್ಯಮಂತ್ರಿಗಳಿಗೆ ಸಮಾನರಾದವರು. ಅಧ್ಯಕ್ಷ, ಗವರ್ನರ್, ಸಂಸತ್ತಿನ ಎರಡೂ ಸದನ, ರಾಜ್ಯ ಶಾಸನಸಭೆ, ಇವೆಲ್ಲಕ್ಕೂ ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್ ತಿಂಗಳ ಒಂದೇ ಭಾನುವಾರ ಮತದಾನ. ವಿದ್ಯುನ್ಮಾನ ಯಂತ್ರ 2000ದಿಂದ ಇಡೀ ದೇಶದಲ್ಲಿ ಬಳಕೆಯಲ್ಲಿರುವುದರಿಂದ ಫಲಿತಾಂಶ ಅದೇ ರಾತ್ರಿ ಹೊರಬೀಳುತ್ತದೆ.

2022ರ ಚುನಾವಣೆಯನ್ನು ಉದಾಹರಣೆಯಾಗಿ ನೋಡೋಣ. ಅಕ್ಟೋಬರ್ 2ರ ಮೊದಲ ಸುತ್ತಿನಲ್ಲಿ ಮಾಜಿ ಅಧ್ಯಕ್ಷ ಲುಲಾ ಅವರಿಗೆ ಶೇ. 48.4, ಅಧಿಕಾರದಲ್ಲಿದ್ದ ಬೋಲ್ಸೊನಾರೊ ಅವರಿಗೆ ಶೇ. 43.2 ಮತಗಳು ದೊರೆತವು. ಅಕ್ಟೋಬರ್ 30ರ ಎರಡನೆಯ ಸುತ್ತಿನಲ್ಲಿ ಲುಲಾ ಶೇ. 50.9, ಬೋಲ್ಸೊನಾರೊ ಶೇ. 49.1. ಅಂತರ ಸುಮಾರು 21 ಲಕ್ಷ ಮತಗಳು. ಹನ್ನೆರಡು ಕೋಟಿಗೆ ಸಮೀಪದ ಸಿಂಧು ಮತಗಳಲ್ಲಿ ಇದು ಅತ್ಯಲ್ಪ. ಮರು ಆಯ್ಕೆ ಬಯಸಿ ಸ್ಪರ್ಧಿಸಿದ ಹಾಲಿ ಅಧ್ಯಕ್ಷರೊಬ್ಬರು ಸೋತದ್ದು ಅಲ್ಲಿ ಅದೇ ಮೊದಲು.

ರಾಜ್ಯವಾರು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಸೋತ ಬೋಲ್ಸೊನಾರೊ 14 ಘಟಕಗಳಲ್ಲಿ ಮುಂದಿದ್ದರು, ಗೆದ್ದ ಲುಲಾ 13ರಲ್ಲಿ. ಈಶಾನ್ಯದ ಒಂಬತ್ತೂ ರಾಜ್ಯಗಳು ಲುಲಾ ಅವರ ಕೈಹಿಡಿದವು. ದಕ್ಷಿಣದ ಮೂರು ರಾಜ್ಯಗಳೂ ಕೈಗಾರಿಕೆಯ ಕೇಂದ್ರವಾದ ಸಾವೊ ಪಾಲೊ ರಾಜ್ಯವೂ ಎದುರಾಳಿಯ ಪಾಲಾದವು. ನಡುವೆ ಇರುವುದು ಮಿನಾಸ್ ಜೆರಾಯಿಸ್. ಬ್ರೆಜಿಲ್ ಕಾಫಿಯ ಸರಿಸುಮಾರು ಅರ್ಧ ಬೆಳೆಯುವುದು ಈ ಒಂದೇ ರಾಜ್ಯದಲ್ಲಿ. ಅಲ್ಲಿ ಲುಲಾ ಅವರಿಗೆ ಶೇ. 50.2, ಬೋಲ್ಸೊನಾರೊ ಅವರಿಗೆ ಶೇ. 49.8. ಸೈನಿಕ ಆಡಳಿತದ ನಂತರ ನೇರ ಚುನಾವಣೆ ಮರಳಿ ಬಂದ 1989ರಿಂದ 2022ರವರೆಗೆ ಮಿನಾಸ್ ಗೆಲ್ಲದೆ ಅಧ್ಯಕ್ಷರಾದವರಿಲ್ಲ.

ಅದೇ ಮಿನಾಸ್ ಮತದಾರರು ಗವರ್ನರ್ ಸ್ಥಾನಕ್ಕೆ ಲುಲಾ ಅವರ ವಿರೋಧಿಯಾದ, ಸ್ವತಃ ವರ್ತಕ ಹಿನ್ನೆಲೆಯ ರೊಮೆಯು ಜೆಮಾ ಅವರನ್ನು ಮೊದಲ ಸುತ್ತಿನಲ್ಲೇ ಶೇ. 56ರಷ್ಟು ಮತ ನೀಡಿ ಮರಳಿ ಆರಿಸಿದರು. ಒಂದೇ ಯಂತ್ರದಲ್ಲಿ, ಒಂದೇ ನಿಮಿಷದಲ್ಲಿ ಎರಡು ದಿಕ್ಕಿನ ಮತ! ನಮ್ಮ ಮತದಾರರೂ ಲೋಕಸಭೆಗೊಂದು, ವಿಧಾನಸಭೆಗೊಂದು ಲೆಕ್ಕ ಹಾಕುವುದನ್ನು ಕಂಡವರಿಗೆ ಇದು ಆಶ್ಚರ್ಯವೇನಲ್ಲ. ಸಾವೊ ಪಾಲೊದಲ್ಲಿ ಬೋಲ್ಸೊನಾರೊ ಸಂಪುಟದಲ್ಲಿ ಮೂಲಸೌಕರ್ಯ ಸಚಿವರಾಗಿದ್ದ ತಾರ್ಸಿಸಿಯೊ ಡಿ ಫ್ರೆಯ್ತಾಸ್ ಗೆದ್ದರು. ಲುಲಾ ಪಕ್ಷದ ಫರ್ನಾಂಡೊ ಹಡ್ಡಾಡ್ ಸೋತರು. ಸೋತ ಹಡ್ಡಾಡ್ 2023ರ ಜನವರಿಯಲ್ಲಿ ದೇಶದ ಹಣಕಾಸು ಸಚಿವರಾದರು. ಈ ಇಬ್ಬರ ಹೆಸರು ಮುಂದೆ ಮತ್ತೆ ಬರಲಿದೆ.

ಗವರ್ನರ್ ಯಾರೆಂಬುದು ನಮಗೇಕೆ ಬೇಕು? ಐಸಿಎಂಎಸ್ ಎಂಬ ತೆರಿಗೆಯಿಂದಾಗಿ. ಇದು ಸರಕಿನ ಚಲಾವಣೆಯ ಮೇಲೆ ರಾಜ್ಯಗಳು ವಿಧಿಸುವ ಮೌಲ್ಯವರ್ಧಿತ ತೆರಿಗೆ. ಆಮದು ಸರಕಿಗೂ ಅನ್ವಯ. ದರ ಪ್ರತಿ ರಾಜ್ಯಕ್ಕೂ ಬೇರೆ, ವಿನಾಯಿತಿಗಳು ಬೇರೆ, ಅರ್ಜಿ ನಮೂನೆಗಳೂ ಬೇರೆ. ಇದರ ಲೆಕ್ಕಾಚಾರದಲ್ಲೊಂದು ಚಮತ್ಕಾರವಿದೆ. ತೆರಿಗೆಯನ್ನು ಅದರ ಸ್ವಂತ ತಳಹದಿಯೊಳಗೇ ಸೇರಿಸಿ ಎಣಿಸುವುದರಿಂದ, ಕಾಗದದ ಮೇಲೆ ಶೇ. 18 ಎಂದಿರುವುದು ನಮ್ಮ ರೀತಿಯಲ್ಲಿ ಎಣಿಸಿದರೆ ಸುಮಾರು ಶೇ. 22 ಆಗುತ್ತದೆ. ಬ್ರೆಜಿಲ್‌ನ ಗ್ರಾಹಕನಿಗೆ ದರಪಟ್ಟಿ ಕಳುಹಿಸಿ, ಆತ ಹೇಳುವ ಒಟ್ಟು ವೆಚ್ಚ ತಾಳೆಯಾಗದೆ ಗೊಂದಲಕ್ಕೊಳಗಾಗುವ ರಫ್ತುದಾರರು ಇದನ್ನು ಗಮನಿಸಬೇಕು.

ಪೀಣ್ಯದ ಸಣ್ಣ ಘಟಕವೊಂದು ಸಾವೊ ಪಾಲೊ ನಗರದ ಗ್ರಾಹಕನಿಗೆ ಯಂತ್ರದ ಬಿಡಿಭಾಗ ಕಳುಹಿಸುತ್ತದೆ ಎಂದಿಟ್ಟುಕೊಳ್ಳೋಣ. ಹತ್ತಿರದ ಬಂದರು ಸಾಂತೋಸ್. ಆದರೆ ಗ್ರಾಹಕ ಸರಕನ್ನು ದಕ್ಷಿಣದ ಸಾಂತಾ ಕಟರೀನಾ ರಾಜ್ಯದ ಇಟಜಾಯಿ ಬಂದರಿಗೆ ಕಳುಹಿಸಲು ಹೇಳುತ್ತಾನೆ. ಕಾರಣ ದೂರವಲ್ಲ, ತೆರಿಗೆ. ತನ್ನ ಬಂದರಿನಲ್ಲಿ ಸರಕು ಇಳಿಸುವವರಿಗೆ ಆ ರಾಜ್ಯ ಐಸಿಎಂಎಸ್ ರಿಯಾಯಿತಿ ನೀಡುತ್ತಾ ಬಂದಿದೆ. ಎಲ್ಲ ರಾಜ್ಯಗಳ ಒಮ್ಮತವಿಲ್ಲದೆ ಇಂಥ ರಿಯಾಯಿತಿ ಕೂಡದೆಂದು 1975ರ ಕಾನೂನು ಹೇಳಿದ್ದರೂ ಅದನ್ನು ಲೆಕ್ಕಿಸಿದವರು ಕಡಿಮೆ. ಬಂಡವಾಳ ಸೆಳೆಯಲು ರಾಜ್ಯಗಳು ಹೀಗೆ ಪೈಪೋಟಿ ನಡೆಸುವುದನ್ನು ಅಲ್ಲಿನವರು ‘ತೆರಿಗೆ ಸಮರ’ ಎಂದೇ ಕರೆಯುತ್ತಾರೆ. ಆಮದು ಸರಕು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗಿನ ತೆರಿಗೆಯನ್ನು 2013ರ ಜನವರಿಯಿಂದ ಶೇ. 4ಕ್ಕೆ ಇಳಿಸಿ ಸೆನೆಟ್ ಈ ಸಮರಕ್ಕೆ ಕಡಿವಾಣ ಹಾಕಲೆತ್ನಿಸಿತು; ಆಕರ್ಷಣೆ ತಗ್ಗಿತು, ಅಳಿಯಲಿಲ್ಲ.

ಚುನಾವಣೆಯ ಬಿಸಿ ಈ ತೆರಿಗೆಯನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ 2022ರ ಇಂಧನ ಪ್ರಕರಣಕ್ಕಿಂತ ಉತ್ತಮ ನಿದರ್ಶನ ಸಿಗದು. ಆ ವರ್ಷ ಪೆಟ್ರೋಲ್ ದರ ಏರಿ ಮತದಾರರು ಮುನಿದಿದ್ದರು. ಜೂನ್ ತಿಂಗಳಲ್ಲಿ, ಮತದಾನಕ್ಕೆ ಕೆಲವೇ ತಿಂಗಳಿರುವಾಗ, ಕೇಂದ್ರವು ಕಾನೂನು ತಂದು ಇಂಧನ, ವಿದ್ಯುತ್ ಮುಂತಾದವುಗಳನ್ನು ಅವಶ್ಯಕ ವಸ್ತುಗಳೆಂದು ಸಾರಿ, ಅವುಗಳ ಮೇಲಿನ ಐಸಿಎಂಎಸ್ ಆಯಾ ರಾಜ್ಯದ ಸಾಮಾನ್ಯ ದರವಾದ ಶೇ. 17 ಅಥವಾ 18ನ್ನು ಮೀರಕೂಡದೆಂದಿತು. ಕೆಲವು ರಾಜ್ಯಗಳಲ್ಲಿ ಪೆಟ್ರೋಲ್ ಮೇಲೆ ಶೇ. 30ಕ್ಕೂ ಮಿಗಿಲಾದ ದರವಿತ್ತು. ಕೇಂದ್ರ ತನ್ನ ಇಂಧನ ತೆರಿಗೆಯನ್ನೂ ವರ್ಷಾಂತ್ಯದವರೆಗೆ ಸೊನ್ನೆಗಿಳಿಸಿತು. ಪೆಟ್ರೋಲ್ ಅಗ್ಗವಾಯಿತು. ಕೀರ್ತಿ ಕೇಂದ್ರಕ್ಕೆ, ನಷ್ಟದ ದೊಡ್ಡ ಪಾಲು ರಾಜ್ಯಗಳಿಗೆ.

ಇದಕ್ಕೂ ನಮ್ಮ ಸಕ್ಕರೆಗೂ ಸಂಬಂಧವಿದೆ. ಬ್ರೆಜಿಲ್‌ನ ಬಹುಪಾಲು ಕಾರುಗಳು ಪೆಟ್ರೋಲ್ ಅಥವಾ ಎಥೆನಾಲ್ ಯಾವುದರಿಂದಲಾದರೂ ಓಡಬಲ್ಲವು. ಎಥೆನಾಲ್ ಬೆಲೆ ಪೆಟ್ರೋಲಿನ ಶೇ. 70ರೊಳಗಿದ್ದರೆ ಮಾತ್ರ ಲಾಭ ಎಂಬ ಲೆಕ್ಕ ಅಲ್ಲಿನ ಪ್ರತಿಯೊಬ್ಬ ಚಾಲಕನ ನಾಲಿಗೆಯ ಮೇಲಿದೆ. ಪೆಟ್ರೋಲ್ ಇಳಿದರೆ ಎಥೆನಾಲ್ ಬೇಡಿಕೆ ಕುಸಿಯುತ್ತದೆ. ಕಾರ್ಖಾನೆಗಳು ಕಬ್ಬಿನ ರಸವನ್ನು ಸಕ್ಕರೆಯತ್ತ ತಿರುಗಿಸುತ್ತವೆ. ಜಗತ್ತಿನ ಅತಿ ದೊಡ್ಡ ಸಕ್ಕರೆ ರಫ್ತುದಾರ ದೇಶ ಹೀಗೆ ಮಾಡಿದರೆ ಅಂತರರಾಷ್ಟ್ರೀಯ ದರದ ಮೇಲೆ ಒತ್ತಡ ಬೀಳುವುದು ಸಹಜ. 2022ರ ಜೂನ್‌ನಲ್ಲಿಯೇ ಭಾರತ ಸರ್ಕಾರ ಸಕ್ಕರೆ ರಫ್ತಿಗೆ ನಿರ್ಬಂಧ ಹೇರಿದ್ದರಿಂದ ಆ ಬಾರಿ ನಮ್ಮ ಕಾರ್ಖಾನೆಗಳಿಗೆ ನೇರ ಪೆಟ್ಟು ಅಷ್ಟಾಗಿ ತಗಲಲಿಲ್ಲ. ಆದರೂ ಸಾಗುವ ದಾರಿ ಇದೇ: ಮತಪೆಟ್ಟಿಗೆಯಿಂದ ಪೆಟ್ರೋಲ್ ಬಂಕಿಗೆ, ಅಲ್ಲಿಂದ ಕಬ್ಬಿನ ಗಾಣಕ್ಕೆ. ಚುನಾವಣೆ ಮುಗಿದ ಮೇಲೆ ಕೇಂದ್ರದ ತೆರಿಗೆ 2023ರ ಮಾರ್ಚ್‌ನಲ್ಲಿ ಭಾಗಶಃ ಮರಳಿತು. ರಾಜ್ಯಗಳಿಗೆ ಸುಮಾರು 2,690 ಕೋಟಿ ರಿಯಾಲ್ ಪರಿಹಾರ ನೀಡಲು ಕೇಂದ್ರ ಒಪ್ಪಿತು. ಆದಾಯ ಕಳೆದುಕೊಂಡ ಹಲವು ಗವರ್ನರುಗಳು ಸಾಮಾನ್ಯ ದರವನ್ನೇ ಏರಿಸಿಕೊಂಡರು.

ಈ ಗೋಜಲನ್ನು ಬಿಡಿಸಲು ಬ್ರೆಜಿಲ್ ಮೂರು ದಶಕಕ್ಕೂ ಹೆಚ್ಚು ಕಾಲ ಪ್ರಯತ್ನಿಸಿತ್ತು. ಕೊನೆಗೆ 2023ರ ಡಿಸೆಂಬರ್ 20ರಂದು ಸಂವಿಧಾನದ 132ನೆಯ ತಿದ್ದುಪಡಿ ಜಾರಿಗೆ ಬಂದು ಐದು ತೆರಿಗೆಗಳ ಬದಲು, ನಮ್ಮ ಕೇಂದ್ರ ಮತ್ತು ರಾಜ್ಯ ಜಿಎಸ್‌ಟಿಯಂತೆಯೇ, ಜೋಡಿ ತೆರಿಗೆಯ ಪದ್ಧತಿಗೆ ಅಡಿಪಾಯ ಬಿದ್ದಿತು. ಕೇಂದ್ರದ್ದು ಸಿಬಿಎಸ್, ರಾಜ್ಯ ಮತ್ತು ಪುರಸಭೆಗಳದ್ದು ಐಬಿಎಸ್. ತೆರಿಗೆ ಸರಕು ತಯಾರಾದಲ್ಲಿಗಲ್ಲ, ಬಳಕೆಯಾದಲ್ಲಿಗೆ ಸೇರುತ್ತದೆ. ಇದರಿಂದ ತೆರಿಗೆ ಸಮರದ ಬೇರೇ ಕಡಿದಂತಾಗುತ್ತದೆ.

ಕೆಳಮನೆಯಲ್ಲಿ ಅಧ್ಯಕ್ಷರಿಗೆ ಸ್ವಂತ ಬಹುಮತವಿರಲಿಲ್ಲ. 513 ಸ್ಥಾನಗಳಲ್ಲಿ 99ನ್ನು ಗೆದ್ದು ಅತಿ ದೊಡ್ಡ ಪಕ್ಷವಾಗಿದ್ದುದು ಬೋಲ್ಸೊನಾರೊ ಅವರದು. ಹೀಗಿದ್ದೂ ತಿದ್ದುಪಡಿ ಪಾಸಾದದ್ದು ಗವರ್ನರುಗಳ ಒಪ್ಪಿಗೆಯಿಂದ. ತಯಾರಿಕೆಯ ರಾಜ್ಯವಾದ ಸಾವೊ ಪಾಲೊ ಬಳಕೆಯ ಸ್ಥಳಕ್ಕೆ ತೆರಿಗೆ ಹೋಗುವುದನ್ನು ಒಪ್ಪಬೇಕಿತ್ತು. ಗವರ್ನರ್ ತಾರ್ಸಿಸಿಯೊ ಮೊದಲು ತಕರಾರು ತೆಗೆದು, ಹೊಸ ತೆರಿಗೆಯ ಆಡಳಿತದಲ್ಲಿ ರಾಜ್ಯಗಳ ಮತಬಲ ಕುರಿತ ಮಾರ್ಪಾಟು ಪಡೆದು, 2023ರ ಜುಲೈನಲ್ಲಿ ಹಡ್ಡಾಡ್ ಅವರ ಜೊತೆ ನಿಂತರು. ತಮ್ಮನ್ನು ಬೆಳೆಸಿದ ಬೋಲ್ಸೊನಾರೊ ವಿರೋಧಿಸುತ್ತಿದ್ದ ಮಸೂದೆ ಅದು. ಇನ್ನು ಸೆನೆಟ್‌ನಲ್ಲಿ 4.4 ಕೋಟಿ ಜನರ ಸಾವೊ ಪಾಲೊಗೂ ಸುಮಾರು 6.4 ಲಕ್ಷ ಜನರ ರೊರೈಮಾಕ್ಕೂ ತಲಾ ಮೂರೇ ಸ್ಥಾನ. ಸಣ್ಣ ರಾಜ್ಯಗಳ ಮತಕ್ಕೆ ಬೆಲೆ ತೆರಬೇಕಾಯಿತು: ಪ್ರಾದೇಶಿಕ ಅಭಿವೃದ್ಧಿ ನಿಧಿ 2043ರ ವೇಳೆಗೆ ವರ್ಷಕ್ಕೆ 6,000 ಕೋಟಿ ರಿಯಾಲ್ ಆಗಲಿದೆ. ಅಮೆಜೋನಾಸ್ ರಾಜ್ಯದ ಮನಾವುಸ್ ಮುಕ್ತ ವಲಯದ ಸವಲತ್ತು 2073ರವರೆಗೆ ಉಳಿಯಿತು. ಬಜಾಜ್ ಆಟೊ 2024ರಲ್ಲಿ ತನ್ನ ಬೈಕ್ ಘಟಕವನ್ನು ಅಷ್ಟು ದೂರದ ಆ ಅರಣ್ಯ ಪ್ರದೇಶದ ನಗರದಲ್ಲೇ ತೆರೆದದ್ದೇಕೆ ಎಂಬುದಕ್ಕೆ ಉತ್ತರ ಈ ಸವಲತ್ತಿನಲ್ಲಿದೆ. ನಮ್ಮಲ್ಲಿ ರಾಜ್ಯಗಳಿಗೆ ಜಿಎಸ್‌ಟಿ ಪರಿಹಾರವನ್ನು ಐದು ವರ್ಷಕ್ಕೆ ಖಾತರಿಪಡಿಸಲಾಗಿತ್ತು; ಅಲ್ಲಿ ರಾಜ್ಯಗಳ ಪಾಲಿನ ಹೊಂದಾಣಿಕೆಯನ್ನು ಐವತ್ತು ವರ್ಷಗಳಿಗೆ ಹರಡಿದ್ದಾರೆ. ಆತುರದ ಆರೋಪವನ್ನಂತೂ ಅವರ ಮೇಲೆ ಹೊರಿಸಲಾಗದು.

ಕಾಫಿಯ ವಿಷಯದಲ್ಲಿ 2022ರ ಫಲಿತಾಂಶದ ಅಲೆ ಮೂರು ವರ್ಷ ತಡವಾಗಿ, ಅದೂ ಮೂರನೆಯ ದೇಶದ ಮೂಲಕ ಬಂದಿತು. ಸೋಲನ್ನೊಪ್ಪದ ಬೆಂಬಲಿಗರು 2023ರ ಜನವರಿ 8ರಂದು ಬ್ರೆಸಿಲಿಯಾದ ಸಂಸತ್ತು, ಸುಪ್ರೀಂ ಕೋರ್ಟ್ ಹಾಗೂ ಅಧ್ಯಕ್ಷರ ಕಚೇರಿಗೆ ನುಗ್ಗಿದರು. ಅಧಿಕಾರ ಉಳಿಸಿಕೊಳ್ಳಲು ಸಂಚು ಹೂಡಿದ ಆರೋಪದ ಮೇಲೆ ಬೋಲ್ಸೊನಾರೊ ವಿಚಾರಣೆ ಎದುರಿಸುತ್ತಿದ್ದಾಗ, ಅದನ್ನು ಆಕ್ಷೇಪಿಸಿ ಅಮೆರಿಕದ ಅಧ್ಯಕ್ಷ ಟ್ರಂಪ್ 2025ರ ಆಗಸ್ಟ್ 6ರಿಂದ ಬ್ರೆಜಿಲ್‌ನ ಅನೇಕ ಸರಕುಗಳ ಮೇಲೆ ಶೇ. 50 ಸುಂಕ ಹೇರಿದರು. ಕಾಫಿಯೂ ಅದರಲ್ಲಿ ಸೇರಿತ್ತು. ಸೆಪ್ಟೆಂಬರ್‌ನಲ್ಲಿ ಬೋಲ್ಸೊನಾರೊ ಅವರಿಗೆ 27 ವರ್ಷ 3 ತಿಂಗಳ ಶಿಕ್ಷೆಯಾಯಿತು. ನವೆಂಬರ್ 20ರಂದು ಟ್ರಂಪ್ ಕಾಫಿಯನ್ನು ಸುಂಕದಿಂದ ಬಿಟ್ಟರು. ನಡುವಿನ ಮೂರೂವರೆ ತಿಂಗಳು ಅತಿ ದೊಡ್ಡ ಬೆಳೆಗಾರ ದೇಶಕ್ಕೂ ಅದರ ಪ್ರಮುಖ ಗ್ರಾಹಕ ದೇಶಕ್ಕೂ ನಡುವೆ ಗೋಡೆ ಎದ್ದಿತ್ತು. ಅಮೆರಿಕಕ್ಕೆ ಹೋಗದ ಕಾಫಿ ಯುರೋಪಿನತ್ತ ಹೊರಳಬಲ್ಲದು. ನಮ್ಮ ಕಾಫಿಗೆ ಇಟಲಿ, ಜರ್ಮನಿಗಳೇ ಮುಖ್ಯ ಮಾರುಕಟ್ಟೆಯಾದುದರಿಂದ ಇಂಥ ಹೊರಳಾಟ ಕರ್ನಾಟಕದ ರಫ್ತುದಾರರ ಒಪ್ಪಂದಗಳನ್ನು ನೇರವಾಗಿ ಮುಟ್ಟುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ನಮ್ಮ ರಾಜ್ಯದ್ದೇ ತಾನೆ.

2022ರ ನಂತರದ ಸರದಿಗೆ ಗೊತ್ತಾದ ದಿನಗಳು 2026ರ ಅಕ್ಟೋಬರ್ 4 ಮತ್ತು 25. ಆ ಬಾರಿ ಸೆನೆಟ್‌ನ 81ರಲ್ಲಿ 54 ಸ್ಥಾನಗಳು ಮತದಾರರ ಮುಂದೆ. ಅಂದು ಆಯ್ಕೆಯಾಗುವ ಗವರ್ನರುಗಳ ಅವಧಿ 2027ರ ಜನವರಿ 6ರಂದು ಆರಂಭ. ಸಿಬಿಎಸ್ ಪೂರ್ಣ ಪ್ರಮಾಣದಲ್ಲಿ ಜಾರಿಯಾಗಬೇಕಾದುದು 2027ರಲ್ಲಿ. ಹಳೆಯ ಐಸಿಎಂಎಸ್ ಕರಗತೊಡಗುವುದು 2029ರಲ್ಲಿ ಹತ್ತನೆಯ ಒಂದು ಭಾಗ, 2030ರಲ್ಲಿ ಹತ್ತನೆಯ ಎರಡು ಭಾಗ ಎಂಬ ಕ್ರಮದಲ್ಲಿ. ಪೂರ್ತಿ ಅಳಿಯುವುದು 2033ಕ್ಕೆ. ಅಲ್ಲಿಯವರೆಗೆ ಎರಡೂ ಪದ್ಧತಿಗಳು ಒಟ್ಟಿಗೆ ನಡೆಯುವುದರಿಂದ, ಬ್ರೆಜಿಲ್‌ಗೆ ಸರಕು ಕಳುಹಿಸುವವರು ಗ್ರಾಹಕನ ರಾಜ್ಯ ಯಾವುದು, ಸರಕು ಇಳಿಯುವ ಬಂದರಿನ ರಾಜ್ಯ ಯಾವುದು ಎಂಬುದನ್ನು ಪ್ರತಿ ಒಪ್ಪಂದದಲ್ಲೂ ಕೇಳಿ ಬರೆಯಿಸಿಕೊಳ್ಳುವುದು ಅವಶ್ಯ.