ಅಪಾಯಕಾರಿ ಆಯುಧದಿಂದ ಹಲ್ಲೆ (ಭಾರತೀಯ ಕಾನೂನು)

ಅಪಾಯಕಾರಿ ಆಯುಧದಿಂದ ಹಲ್ಲೆ ಎಂಬುದು ಇರಿಯುವ, ಕತ್ತರಿಸುವ ಅಥವಾ ಗುಂಡು ಹಾರಿಸುವ ಸಾಧನವನ್ನು ಬಳಸಿ ಇನ್ನೊಬ್ಬರಿಗೆ ಉದ್ದೇಶಪೂರ್ವಕವಾಗಿ ಗಾಯವುಂಟುಮಾಡುವ ಅಪರಾಧವಾಗಿದೆ. ೧೮೬೦ರ ಭಾರತೀಯ ದಂಡ ಸಂಹಿತೆಯ 324 ಮತ್ತು 326ನೇ ಕಲಮುಗಳು ಇದನ್ನು ವಿವರಿಸುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವೆರಡೂ 118ನೇ ಕಲಮಿನಲ್ಲಿ ಸೇರಿವೆ. ಆ ದಿನಾಂಕಕ್ಕಿಂತ ಮೊದಲು ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ.

ಆಯುಧದ ವ್ಯಾಖ್ಯೆ

ಬಂದೂಕು, ಚಾಕು, ಮಚ್ಚುಗಳಷ್ಟೇ ಆಯುಧಗಳಲ್ಲ. ಆಕ್ರಮಣಕ್ಕೆ ಬಳಸಿದಾಗ ಸಾವನ್ನು ತರಬಲ್ಲ ಯಾವುದೇ ಸಾಧನ, ಬೆಂಕಿ, ಕಾದ ವಸ್ತು, ವಿಷ, ದಹಿಸುವ ರಾಸಾಯನಿಕ, ಸ್ಫೋಟಕ ಮತ್ತು ಪ್ರಾಣಿಯೂ ಈ ಕಲಮಿನ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ಹೊಲದ ಬದುವಿನ ಜಗಳದಲ್ಲಿ ಬೀಸಿದ ಕುಡುಗೋಲು ಸಹ ಕಾನೂನಿನ ದೃಷ್ಟಿಯಲ್ಲಿ ಆಯುಧವೇ. ಕಲ್ಲು, ದೊಣ್ಣೆಗಳಂತಹ ವಸ್ತುಗಳ ವಿಷಯದಲ್ಲಿ ಅವುಗಳ ಗಾತ್ರ, ಸ್ವರೂಪ ಮತ್ತು ಬಳಸಿದ ರೀತಿಯನ್ನು ನೋಡಿ ನ್ಯಾಯಾಲಯವು ತೀರ್ಮಾನಿಸುತ್ತದೆ.

ಗಾಯದ ಸ್ವರೂಪ ಮತ್ತು ಶಿಕ್ಷೆ

ಆರೋಪದ ತೀವ್ರತೆಯನ್ನು ಎರಡು ಪ್ರಶ್ನೆಗಳು ನಿರ್ಧರಿಸುತ್ತವೆ: ಯಾವುದರಿಂದ ಹೊಡೆಯಲಾಯಿತು ಮತ್ತು ಎಂತಹ ಗಾಯವಾಯಿತು. ಒಂದು ಕಣ್ಣಿನ ದೃಷ್ಟಿ ಅಥವಾ ಒಂದು ಕಿವಿಯ ಶ್ರವಣಶಕ್ತಿಯ ಶಾಶ್ವತ ನಷ್ಟ, ಅಂಗ ಅಥವಾ ಕೀಲಿನ ನಾಶ, ಮುಖದ ಶಾಶ್ವತ ವಿರೂಪ, ಮೂಳೆ ಅಥವಾ ಹಲ್ಲಿನ ಮುರಿತ, ಪ್ರಾಣಾಪಾಯ ತರುವ ಗಾಯ ಮೊದಲಾದವು ‘ತೀವ್ರ ಗಾಯ’ ಎನಿಸುತ್ತವೆ. ಗಾಯಾಳು ಹದಿನೈದು ದಿನಗಳ ಕಾಲ ತೀವ್ರ ದೈಹಿಕ ನೋವು ಅನುಭವಿಸಿದರೂ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಅದು ತೀವ್ರ ಗಾಯವೇ. ಹಳೆಯ ಸಂಹಿತೆಯಲ್ಲಿ ಈ ಅವಧಿ ಇಪ್ಪತ್ತು ದಿನಗಳಾಗಿತ್ತು.

* ಆಯುಧವಿಲ್ಲದೆ ಸಾಧಾರಣ ಗಾಯ: ಗರಿಷ್ಠ 1 ವರ್ಷ ಸೆರೆವಾಸ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
* ಆಯುಧದಿಂದ ಸಾಧಾರಣ ಗಾಯ: ಗರಿಷ್ಠ 3 ವರ್ಷ ಸೆರೆವಾಸ, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.
* ಆಯುಧವಿಲ್ಲದೆ ತೀವ್ರ ಗಾಯ: ಗರಿಷ್ಠ 7 ವರ್ಷ ಸೆರೆವಾಸ ಮತ್ತು ದಂಡ.
* ಆಯುಧದಿಂದ ತೀವ್ರ ಗಾಯ: ಜೀವಾವಧಿ ಸೆರೆವಾಸ, ಅಥವಾ 1ರಿಂದ 10 ವರ್ಷಗಳ ಸೆರೆವಾಸ, ಜೊತೆಗೆ ದಂಡ.

ಕೊಲ್ಲುವ ಉದ್ದೇಶವಿತ್ತೆಂದು ಕಂಡುಬಂದಲ್ಲಿ 109ನೇ ಕಲಮಿನಡಿ ಕೊಲೆ ಯತ್ನದ ಆರೋಪವೂ ಸೇರಬಹುದು. ಹಠಾತ್ತಾದ ಗಂಭೀರ ಪ್ರಚೋದನೆಯಿಂದ ನಡೆದ ಕೃತ್ಯಕ್ಕೆ 122ನೇ ಕಲಮು ಕಡಿಮೆ ಶಿಕ್ಷೆಯನ್ನು ವಿಧಿಸುತ್ತದೆ.

ಆರೋಪಿಯ ಹಕ್ಕುಗಳು

ಆರೋಪ ಹೊತ್ತವನು ಅಪರಾಧಿಯಲ್ಲ. ಅಪರಾಧವನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊಣೆ ಅಭಿಯೋಜನೆಯದು. ಬಂಧನದ ಕಾರಣವನ್ನು ತಿಳಿಯುವ, ತನ್ನ ಆಯ್ಕೆಯ ವಕೀಲರ ನೆರವು ಪಡೆಯುವ ಹಾಗೂ ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರಾಗುವ ಹಕ್ಕನ್ನು ಸಂವಿಧಾನದ 22ನೇ ವಿಧಿ ನೀಡಿದೆ. ಬಂಧನದ ಭೀತಿಯಿದ್ದವರು ಸೆಷನ್ಸ್ ನ್ಯಾಯಾಲಯ ಅಥವಾ ಉಚ್ಚ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನು ಕೋರಬಹುದು. ಆಯುಧದಿಂದ ತೀವ್ರ ಗಾಯವಾದ ಪ್ರಕರಣದಲ್ಲಿ 90 ದಿನಗಳೊಳಗೆ, ಸಾಧಾರಣ ಗಾಯದ ಪ್ರಕರಣದಲ್ಲಿ 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ, ಬಂಧನದಲ್ಲಿರುವ ಆರೋಪಿ ಅರ್ಜಿ ಸಲ್ಲಿಸಿ ಜಾಮೀನು ಪಡೆಯಲು ಹಕ್ಕುಳ್ಳವನಾಗುತ್ತಾನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಲಭ್ಯವಿದೆ.

ಸಾಕ್ಷ್ಯ ಮತ್ತು ಪ್ರತಿವಾದ

ಗಾಯಾಳುವಿನ ಹೇಳಿಕೆ, ವೈದ್ಯರು ನೀಡುವ ಗಾಯದ ಪ್ರಮಾಣ ಪತ್ರ ಮತ್ತು ಪಂಚರ ಸಮಕ್ಷಮದಲ್ಲಿ ವಶಪಡಿಸಿಕೊಂಡ ಆಯುಧ ಇಂತಹ ಪ್ರಕರಣಗಳ ಮುಖ್ಯ ಸಾಕ್ಷ್ಯಗಳು. ಪೊಲೀಸರ ಮುಂದೆ ನೀಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಆದರೆ ಬಂಧನದಲ್ಲಿದ್ದಾಗ ಅವನು ನೀಡಿದ ಮಾಹಿತಿಯಿಂದ ಆಯುಧವು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಸ್ವೀಕಾರಾರ್ಹ. ತನ್ನ ಅಥವಾ ಇತರರ ದೇಹರಕ್ಷಣೆಗಾಗಿ ಬಲಪ್ರಯೋಗ ಮಾಡುವುದು ಅಪರಾಧವಲ್ಲ. ಆದರೆ ಆ ಬಲವು ರಕ್ಷಣೆಗೆ ಅಗತ್ಯವಾದುದನ್ನು ಮೀರಬಾರದು. ಆತ್ಮರಕ್ಷಣೆಯ ವಾದವನ್ನು ಮುಂದಿಡುವ ಆರೋಪಿಯು ಅದನ್ನು ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ. ಅದು ಸಂಭವನೀಯವೆಂದು ತೋರಿಸಿದರೆ ಸಾಕು.