ಹತ್ತೊಂಬತ್ತು ಮತಗಳ ಕೊರತೆ

1945ರ ಜುಲೈ 16ರ ನಸುಕಿನಲ್ಲಿ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಮೊದಲ ಅಣುಬಾಂಬು ಸಿಡಿಯಿತು. ಅಲ್ಲಿಂದ 1996ರವರೆಗೆ ಜಗತ್ತು ನಡೆಸಿದ ಅಣುಪರೀಕ್ಷೆಗಳು ಎರಡು ಸಾವಿರ ದಾಟುತ್ತವೆ. ಸರಾಸರಿ ಒಂಬತ್ತು ದಿನಕ್ಕೊಂದು! 1962ರಲ್ಲಂತೂ 178, ಹೆಚ್ಚುಕಮ್ಮಿ ದಿನ ಬಿಟ್ಟು ದಿನ. ಅದರ ಹಿಂದಿನ ವರ್ಷ ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸೋವಿಯತ್ ಒಕ್ಕೂಟ ಸಿಡಿಸಿದ ಒಂದೇ ಬಾಂಬಿನ ಶಕ್ತಿ 50 ಮೆಗಾಟನ್. ಹಿರೋಷಿಮಾ ಬಾಂಬಿನಂಥವು ಮೂರು ಸಾವಿರಕ್ಕೂ ಹೆಚ್ಚು ಬೇಕು ಅದನ್ನು ಸರಿಗಟ್ಟಲು.

ಇದನ್ನೆಲ್ಲ ನಿಲ್ಲಿಸುವ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ, ಅಂದರೆ ಸಿಟಿಬಿಟಿಗೆ, 1996ರ ಸೆಪ್ಟೆಂಬರ್ 24ರಂದು ಮೊದಲು ಸಹಿ ಹಾಕಿದವರು ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್. ಕೈಯಲ್ಲಿದ್ದದ್ದು 1963ರ ಭಾಗಶಃ ನಿಷೇಧ ಒಪ್ಪಂದಕ್ಕೆ ಕೆನಡಿ ಸಹಿ ಹಾಕಿದ್ದ ಪೆನ್ನು. ಆ ಹಳೆಯ ಒಪ್ಪಂದಕ್ಕೆ ಸೆನೆಟ್ 80–19ರಲ್ಲಿ ಅಸ್ತು ಎಂದಿತ್ತು. ಪೆನ್ನು ಅದೇ ಆದರೂ ಸೆನೆಟ್ ಅದೇ ಆಗಿರಲಿಲ್ಲ.

ಅಮೆರಿಕದಲ್ಲಿ ಅಧ್ಯಕ್ಷರ ಸಹಿಯೊಂದೇ ಸಾಲದು; ನೂರು ಸದಸ್ಯರ ಸೆನೆಟ್‌ನಲ್ಲಿ ಎಲ್ಲರೂ ಹಾಜರಿದ್ದರೆ 67 ಮತ ಬೇಕು. ಎರಡು ವರ್ಷ ಸಮಿತಿಯಲ್ಲಿ ಕೊಳೆತ ಕಡತ 1999ರ ಅಕ್ಟೋಬರ್‌ನಲ್ಲಿ ಏಕಾಏಕಿ ಸದನಕ್ಕೆ ಬಂತು. ಕದ್ದು ನಡೆಸುವ ಸಣ್ಣ ಸ್ಫೋಟ ಪತ್ತೆಯಾದೀತೇ, ಸಿಡಿಸಿ ನೋಡದ ಬಾಂಬನ್ನು ನಂಬುವುದು ಹೇಗೆ ಎಂಬುದು ವಿರೋಧಿಗಳ ವಾದ. ಮತದಾನ ಮುಂದೂಡಿ ಎಂದು 62 ಸದಸ್ಯರು ಪತ್ರ ಬರೆದರು. ಬಹುಮತವೇ ಬೇಡ ಎಂದ ಮತದಾನ! ಆದರೆ ಮುಂದೂಡಲು ಸರ್ವಸಮ್ಮತಿ ಬೇಕಿತ್ತು, ಕೆಲವರು ಬಗ್ಗಲಿಲ್ಲ. ಅಕ್ಟೋಬರ್ 13ರಂದು ಪರ 48, ವಿರೋಧ 51. ಬೇಕಿದ್ದ 67ಕ್ಕೆ ಹತ್ತೊಂಬತ್ತು ಕಡಿಮೆ.

ಪತ್ತೆಯ ಪ್ರಶ್ನೆಗೆ ಉತ್ತರ ಆಮೇಲೆ ಸಿಕ್ಕಿತು. 2006ರಲ್ಲಿ ಉತ್ತರ ಕೊರಿಯಾ ಸಿಡಿಸಿದ್ದು ಒಂದು ಕಿಲೋಟನ್‌ಗೂ ಕಡಿಮೆ. ಒಪ್ಪಂದದ, ಆಗಿನ್ನೂ ಪೂರ್ತಿಯಾಗಿರದ ಜಾಗತಿಕ ಕಾವಲು ಜಾಲದ 20ಕ್ಕೂ ಹೆಚ್ಚು ಕೇಂದ್ರಗಳು ಅದನ್ನು ಹಿಡಿದವು. ಸೆನೆಟ್ ಮಾತ್ರ ಮತ್ತೆ ಮತ ಹಾಕಿಲ್ಲ.

180ಕ್ಕೂ ಹೆಚ್ಚು ದೇಶಗಳು ಸಹಿ ಹಾಕಿದರೂ ಒಪ್ಪಂದ ಜಾರಿಯಾಗಿಲ್ಲ. ಹೆಸರಿಸಿದ 44 ದೇಶಗಳೂ ಅನುಮೋದಿಸಬೇಕು, ಒಂದು ತಪ್ಪಿದರೂ ಇಲ್ಲ ಎಂಬುದು ಷರತ್ತು. ಅನುಮೋದಿಸಿದ್ದ ರಷ್ಯಾವೂ 2023ರಲ್ಲಿ ಹಿಂದೆಗೆಯಿತು. ಆ 44ರಲ್ಲಿ ಭಾರತವೂ ಇದೆ. ನಾವು ಸಹಿಯನ್ನೇ ಹಾಕಿಲ್ಲ.

ನಮ್ಮ ಗೌರಿಬಿದನೂರಿನಲ್ಲಿ 1965ರಿಂದಲೂ ಒಂದು ಕಂಪನಮಾಪಕ ಜಾಲವಿದೆ, ದೂರದೇಶಗಳ ನೆಲದಡಿಯ ಅಣುಸ್ಫೋಟಗಳಿಗೆ ಕಿವಿಗೊಟ್ಟು. ಒಪ್ಪಂದದ ಕಾವಲು ಜಾಲದ ಪಟ್ಟಿಯಲ್ಲಿ ಒಟ್ಟು 321 ಕೇಂದ್ರಗಳಿವೆ. ಆ ಪಟ್ಟಿಯಲ್ಲಿ ಗೌರಿಬಿದನೂರು ಇಲ್ಲ.